ಐದು ಹುಲಿಗಳ ಆಲ್ಬಮ್

ಅಮೆರಿಕದ ಟ್ಯಾಂಪಾದ ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿ ಕಾಯುತ್ತಿದ್ದ ಲೊರೇನ್‌ಳ ಎದುರಿಗೆ, ಕಪ್ಪು ಟೀಶರ್ಟಿನ ಇಬ್ಬರು ನರೆಗೂದಲಿನವರು ಕೂಗಿಕೊಂಡೇ ಮಾತಾಡುತ್ತಿದ್ದರು.

"ನೀನು ಗಿಟಾರಿನ ಡೆಲ್ಬರ್ಟ್ ಅಲ್ವಾ? ನಾನು ರಸ್. ನಮ್ಮ ಹೆವಿ ಮೆಟಲ್ ಹಾಡುಗಳ ಆಲ್ಬಮ್ಮಿಗೆ ಡ್ರಮ್ಸ್ ಬಾರಿಸಿದ್ದು ನಾನೇ."

"ಓ, ನೀನೇನಾ. ನಿನ್ನ ಮುಖ ನೋಡ್ತಿರೋದು ಇವತ್ತೇ ಕಣಯ್ಯ."

"ಎಲ್ಲಿ ನೋಡ್ತೀಯ, ಐದೂ ಜನ ನಮ್ಮ ನಮ್ಮ ಮನೇಲೇ ನುಡಿಸಿ, ರೆಕಾರ್ಡ್ ಮಾಡಿ ಕಳಿಸಿದ್ವಲ್ಲ."

"ನಾವೆಲ್ಲ ದೊಡ್ಡ ಹೆಸರಿನವರೇ, ಆದ್ರೂ ಆಲ್ಬಮ್ ಕೇಳಿ, ಐದು ಹುಲಿ ಸೇರಿ ಒಂದು ಬೆಕ್ಕು ಹೆತ್ತವು ಅಂತ ಜನ ಉಗಿದ್ರು."

"ನೀನು ಪೂರ್ತಿ ಕೇಳಿದ್ಯಾ?"

"ನನ್ನ ಗಿಟಾರ್ ಅಷ್ಟೇ. ನೀನು?"

"ನನ್ನ ಡ್ರಮ್ಸ್ ಅಷ್ಟೇ. ಕಿವಿ ಸರಿಹೋದ್ಮೇಲೆ ಒಟ್ಟಿಗೆ ಕೂತು ಕೇಳೋಣ್ವಾ?"

"ನಂದು ಇನ್ನು ಸರಿಹೋಗಲ್ವಂತೆ."

"ಏನಂದೆ?"

ಬಾಗಿಲಲ್ಲಿ ನರ್ಸ್ ರಸ್‌ನ ಹೆಸರು ಕೂಗಿದಳು, ಮತ್ತೆ ಕೂಗಿದಳು. ಇಬ್ಬರೂ ತಿರುಗಲಿಲ್ಲ. ಕೊನೆಗೆ ಲೊರೇನ್ ಎದ್ದು, ಅವನ ಭುಜ ತಟ್ಟಿ, ಬಾಗಿಲ ಕಡೆ ಕೈ ತೋರಿಸಬೇಕಾಯಿತು.