ಕೊನೆಯ ಇಪ್ಪತ್ತು ನಿಮಿಷ

ಅಧ್ಯಕ್ಷ ಸ್ಥಾನದಲ್ಲಿರುವ, ಕಳಂಬೋಲಿಯ ಉಕ್ಕಿನ ವ್ಯಾಪಾರಿಗಳಾದ ಬಸಲಿಂಗಪ್ಪನವರೇ, ನನ್ನನ್ನು ಈ ಮೈಕಿನ ಮುಂದೆ ಎಳೆದು ತಂದ ಕನ್ನಡ ಸಂಘದ ಕಾರ್ಯದರ್ಶಿ ಶೈಲಶ್ರೀಯವರೇ, ಫ್ಯಾನಿನ ಕೆಳಗಿನ ಕುರ್ಚಿಗಾಗಿ ಬೇಗ ಬಂದ ಸಭಿಕರೇ, ಲೋಕಲ್ ರೈಲು ತಪ್ಪಿ ತಡವಾಗಿ ಬಂದು ಗೋಡೆಗೆ ಒರಗಿ ನಿಂತ ಸಭಿಕರೇ, ಮೂರನೆಯ ಸಾಲಿನಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ನನ್ನ ಮನೆಯವಳಾದ ಪುಷ್ಪಾವತಿಯೇ,

ಡೊಂಬಿವಲಿಯ ಈ ಸೆಕೆಯಲ್ಲಿ ನನಗೆ ಉಣ್ಣೆಯ ಶಾಲು ಹೊದಿಸಿದ್ದೀರಿ. ಇದು ಸನ್ಮಾನವೋ ಶಿಕ್ಷೆಯೋ ಎಂದು ಕೇಳುವುದಿಲ್ಲ. ಕಲ್ಯಾಣದ ಹಳೆಯ ಟಾಕೀಸಿನಲ್ಲಿ ಮೂವತ್ತನಾಲ್ಕು ವರ್ಷ ಕ್ಯಾಂಟೀನ್ ನಡೆಸಿದ ಈ ಜಯಶೀಲ ಶೆಟ್ಟಿಗೆ ಹಣ್ಣಿನ ಬುಟ್ಟಿ ಕೊಡುವವರು ಇದ್ದಾರಲ್ಲ, ಅಷ್ಟೇ ಸಾಕು. ಮಾರ್ಚಿನಲ್ಲಿ ಟಾಕೀಸ್ ಮುಚ್ಚಿತು. ನನ್ನ ಬಾಣಲೆಯೂ ತಣ್ಣಗಾಯಿತು.

ಎರಡು ಮಾತು ಧನ್ಯವಾದ ಹೇಳಿ ಇಳಿಯುತ್ತೇನೆ ಎಂದಿದ್ದೆ. ಶೈಲಶ್ರೀ ಬಿಡಲಿಲ್ಲ. "ಅಂಕಲ್, ನೀವು ಅಷ್ಟು ಪಿಕ್ಚರ್ ನೋಡೀರಿ. ಮೂರು ಪಾರ್ಟಿನ ದೊಡ್ಡ ದೊಡ್ಡ ಪಿಕ್ಚರ್ ಇರ್ತಾವಲ್ರಿ, ಮಾಯಾ ಮಂತ್ರದ್ದು ಮತ್ತ ಆಕಾಶದಾಗ ಹಡಗು ಹಾರೂದು, ಅವುಗಳ ಕ್ಲೈಮ್ಯಾಕ್ಸ್ ಮ್ಯಾಲೆ ಮಾತಾಡ್ರಿ. ಇಲ್ಲಾಂದ್ರ ನಮ್ಮ ಹುಡುಗ್ರು ಬರೂದಿಲ್ಲ" ಎಂದಳು. ಹುಡುಗರು ಬಂದಿದ್ದಾರೆ. ಹಿಂದಿನ ಸಾಲಿನಲ್ಲಿ ಫೋನು ನೋಡುತ್ತಿದ್ದಾರೆ. ಆದರೂ ಬಂದಿದ್ದಾರೆ.

ಈ ವಿಷಯಕ್ಕೆ ನನ್ನಷ್ಟು ಯೋಗ್ಯ ಮನುಷ್ಯ ಠಾಣೆ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದೇ ನಾನು ನಂಬಿದ್ದೆ. ಏಕೆಂದರೆ ಸಭಿಕರೇ, ನಾನು ಆರಂಭವನ್ನು ನೋಡಿದವನೇ ಅಲ್ಲ. ಸಿನಿಮಾ ಶುರುವಾಗುವಾಗ ನನ್ನ ಚಹಾ ಕುದಿಯುತ್ತಿರುತ್ತದೆ. ನಾಯಕ ನಾಯಕಿಯನ್ನು ಕಾಣುವ ಹೊತ್ತಿಗೆ ನಾನು ಬಟಾಟೆ ವಡೆ ಕರಿಯುತ್ತಿರುತ್ತೇನೆ. ಇಂಟರ್ವಲ್ಲಿನ ಹದಿನೈದು ನಿಮಿಷದಲ್ಲಿ ಆರುನೂರು ಜನ ಒಟ್ಟಿಗೆ ಕೈ ಚಾಚುತ್ತಾರೆ. ಅದು ಮುಗಿದ ಮೇಲೆ ಪಾತ್ರೆ ತೊಳೆದು, ಕೌಂಟರ್ ಒರೆಸಿ, ಕೈ ಆರಿಸಿಕೊಂಡರೆ ಇಪ್ಪತ್ತು ನಿಮಿಷದ ಸಿನಿಮಾ ಉಳಿದಿರುತ್ತದೆ. ಆಗ ಹಿಂದಿನ ಬಾಗಿಲಿನ ಪರದೆ ಸರಿಸಿ ನಿಲ್ಲುತ್ತಿದ್ದೆ. ದಿನಕ್ಕೆ ನಾಲ್ಕು ಆಟ. ಎರಡು ವಾರ ಓಡಿದ ಸಿನಿಮಾದ ಕೊನೆಯನ್ನು ಐವತ್ತಾರು ಸಲ ನೋಡಿದ್ದೇನೆ. ಟಾಕೀಸಿನವರು ನನ್ನನ್ನು ಕ್ಲೈಮ್ಯಾಕ್ಸ್ ಶೆಟ್ರು ಎನ್ನುತ್ತಿದ್ದರು. ನನಗೆ ಅದರಲ್ಲಿ ಹೆಮ್ಮೆಯೇ ಇತ್ತು.

ಇನ್ನು ವಿಷಯಕ್ಕೆ ಬರೋಣ. ಮಾಯಾಲೋಕದ ಕಥೆಗೆ ಮುಗಿಯಲು ಮನಸ್ಸಿರುವುದಿಲ್ಲ. ಯುದ್ಧ ಮುಗಿಯುತ್ತದೆ, ಜನ ಚಪ್ಪಲಿ ಹುಡುಕುತ್ತಾರೆ. ಪಟ್ಟಾಭಿಷೇಕ ಶುರು, ಜನ ಮತ್ತೆ ಕೂರುತ್ತಾರೆ. ಪಟ್ಟವಾಯಿತು ಎಂದರೆ ಮದುವೆ, ಮದುವೆಯಾಯಿತು ಎಂದರೆ ಬೀಳ್ಕೊಡುಗೆ. ನಮ್ಮ ಯಕ್ಷಗಾನದಲ್ಲಿ ಬೆಳಗಾದರೂ ಮಂಗಳಕ್ಕೆ ಅವಸರ ಮಾಡುವುದಿಲ್ಲವಲ್ಲ, ಹಾಗೆ. ಅಂತರಿಕ್ಷದ ಕಥೆ ಹಾಗಲ್ಲ. ಅಲ್ಲಿ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿರುತ್ತದೆ. ಒಬ್ಬ ಬಾಗಿಲಿನ ಆಚೆ ಉಳಿಯುತ್ತಾನೆ, ಏನೋ ಒಂದು ಸಿಡಿಯುತ್ತದೆ, ಪರದೆ ಕಪ್ಪಾಗುತ್ತದೆ. ಮೊದಲನೆಯದರಲ್ಲಿ ಕೊಟ್ಟ ಮಾತು ಉಳಿಸಿಕೊಂಡವನು ಗೆಲ್ಲುತ್ತಾನೆ. ಎರಡನೆಯದರಲ್ಲಿ ಕಡೆಯ ಸೆಕೆಂಡಿನಲ್ಲಿ ಲೆಕ್ಕ ಸರಿಮಾಡಿದವನು ಗೆಲ್ಲುತ್ತಾನೆ. ಮಾಯೆಯ ಸಿನಿಮಾ ಬಿಟ್ಟಾಗ ಜನ ಮೂಗು ಒರೆಸಿಕೊಂಡು ಬಂದು ಚಹಾ ಕುಡಿಯುತ್ತಾರೆ. ಅಂತರಿಕ್ಷದ ಸಿನಿಮಾ ಬಿಟ್ಟಾಗ ವಾದ ಮಾಡುತ್ತಾ ಬಂದು ತಂಪು ಕೇಳುತ್ತಾರೆ. ಇದನ್ನು ಯಾವ ವಿಮರ್ಶಕರು ನಿಮಗೆ ಹೇಳಿಯಾರು?

ಇಷ್ಟೇ ಹೇಳಿ ಕೂರಬೇಕಿತ್ತು. ಆಸ್ಪತ್ರೆಯ ಸುದ್ದಿ ಎತ್ತಕೂಡದೆಂದು ಮೂರನೆಯ ಸಾಲಿನಿಂದ ಕಟ್ಟಪ್ಪಣೆಯಾಗಿದೆ. ಆದರೆ ಎತ್ತದಿದ್ದರೆ ನಾನು ಈಗ ಹೇಳಿದ್ದೆಲ್ಲ ಅರ್ಧ ಸುಳ್ಳಾಗಿ ಉಳಿಯುತ್ತದೆ. ಪುಷ್ಪಾ, ಕ್ಷಮಿಸು.

ಕಳೆದ ತಿಂಗಳು ವಾಶಿಯಿಂದ ಮಗಳು ಅನುಷ್ಕಾ ಫೋನು ಮಾಡಿದಳು. "ಪಪ್ಪಾ, ಕಲ್ ಮಮ್ಮಿ ಕಾ ಬಯಾಪ್ಸಿ ಹೈ. ಆಪ್ ಕೋ ಮಾಲೂಮ್ ಹೈ ನಾ?" ಮರುದಿನ ಪುಷ್ಪಾಳಿಗೆ ಬಯಾಪ್ಸಿ ಎಂಬುದೇ ನನಗೆ ಗೊತ್ತಿರಲಿಲ್ಲ. ಇವಳ ಎದೆಯಲ್ಲಿ ಒಂದು ಗಂಟು. ಎಂಟು ತಿಂಗಳಿಂದ ಇವಳು ಒಬ್ಬಳೇ ಕಲ್ಯಾಣದಿಂದ ಠಾಣೆಗೆ ಲೋಕಲ್ ಹಿಡಿದು ಹೋಗಿ ತೋರಿಸಿ ಬರುತ್ತಿದ್ದಳು. ನನಗೆ "ಮಗಳ ಮನೆಗೆ ಹೋಗಿದ್ದೆ" ಎನ್ನುತ್ತಿದ್ದಳು. ನನಗೇಕೆ ಹೇಳಲಿಲ್ಲ ಎಂದು ಜೋರು ಮಾಡಿದೆ. ಇವಳು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ: "ಕೊನೆಗೆ ಹೇಳಿದರೆ ಸಾಕು ಅಂತ ಮಾಡಿದೆ. ನೀವು ಎಲ್ಲದಕ್ಕೂ ಕೊನೆಗೇ ಬರುವವರಲ್ಲವಾ."

ಮಗಳು ಹುಟ್ಟಿದಾಗ ನಾನು ಹೋದದ್ದು ಅವಳು ತೊಟ್ಟಿಲಲ್ಲಿ ಮಲಗಿದ ಮೇಲೆ. ಶಾಲೆಯ ಗ್ಯಾದರಿಂಗಿಗೆ ಹೋದದ್ದು ಪರದೆ ಬೀಳುವಾಗ. ಅವಳ ಮದುವೆಗೂ ಸರಿಯಾಗಿ ಧಾರೆಯ ಹೊತ್ತಿಗೆ ಬಂದೆ. ಆ ದಿನ ಟಾಕೀಸಿನಲ್ಲಿ ಬೆಳಗಿನ ಆಟ ಹೌಸ್‌ಫುಲ್ ಇತ್ತು. ಧಾರೆ ತಪ್ಪಿಸಲಿಲ್ಲ ಎಂದು ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಸಭಿಕರೇ, ಚಪ್ಪರ ಹಾಕಿಸಿದವರು ಯಾರೆಂದು ನನಗೆ ಈಗಲೂ ಗೊತ್ತಿಲ್ಲ.

ಬಯಾಪ್ಸಿ ಶುಕ್ರವಾರ ಆಯಿತು. ವರದಿ ಮಂಗಳವಾರ ಎಂದರು. ಆ ಐದು ದಿನ ನಾವು ವಾಶಿಯಲ್ಲಿ ಮಗಳ ಮನೆಯಲ್ಲಿ ಉಳಿದೆವು. ಇವಳಿಗೆ ನಿದ್ದೆಯಿಲ್ಲ, ನನಗೆ ಊಟ ಸೇರುತ್ತಿರಲಿಲ್ಲ. ಮನಸ್ಸು ಬೇರೆ ಕಡೆ ಹೋಗಲಿ ಎಂದು ಮಗಳು ಟಿ.ವಿ.ಯಲ್ಲಿ ಮೂರು ಭಾಗಗಳ ಮಾಯಾಲೋಕದ ಕಥೆ ಹಾಕಿದಳು. ನಾನು ಐವತ್ತಾರು ಸಲ ಕೊನೆ ನೋಡಿದ್ದ ಕಥೆ. ರಾಣಿಯೊಬ್ಬಳು ಕದ್ದು ತಂದ ದೀಪವನ್ನು ಗುಹೆಗೆ ಹಿಂತಿರುಗಿಸುತ್ತಾಳೆ, ಬಾಗಿಲಲ್ಲಿ ಒಬ್ಬ ಮುದುಕ ಅವಳ ಪಾದ ಹಿಡಿದು ಅಳುತ್ತಾನೆ, ಅವಳು ಅವನನ್ನು ಎತ್ತಿ ನಿಲ್ಲಿಸುತ್ತಾಳೆ. ಅವನು ಅವಳ ತಂದೆ ಎಂದು ನಾನು ಎಷ್ಟು ಜನಕ್ಕೆ ವಿವರಿಸಿದ್ದೇನೋ. ಮೊದಲ ಭಾಗದಲ್ಲಿ ಗೊತ್ತಾಯಿತು, ಅವಳ ಊರನ್ನು ಸುಟ್ಟವನೇ ಅವನು. ನಾನು ಐವತ್ತಾರು ಸಲ ನೋಡಿದ್ದು ಕ್ಷಮೆಯನ್ನು, ಅದೇ ನನಗೆ ತಿಳಿದಿರಲಿಲ್ಲ.

ಅರ್ಧ ಸಿನಿಮಾ ಆಗುತ್ತಲೇ ನನ್ನ ಕಾಲು ತಾನಾಗಿ ಎದ್ದು ಅಡುಗೆಮನೆಗೆ ಹೋಗುತ್ತಿತ್ತು. ಒಮ್ಮೆ ಸುಮ್ಮನೆ ಕಟ್ಟೆ ಒರೆಸುತ್ತಾ ನಿಂತಿದ್ದೆ. ಇವಳು ಸೋಫಾದಿಂದ "ಬಂದು ಕೂತುಕೊಳ್ಳಿ ಮಾರಾಯ್ರೆ, ಇಲ್ಲಿ ಯಾರೂ ಚಾ ಕೇಳಲಿಲ್ಲ" ಎಂದಳು. ಹೋಗಿ ಕೂತೆ. ಇವಳ ಪಕ್ಕದಲ್ಲಿ ಕುಳಿತು ಪೂರ್ತಿ ಒಂದು ಸಿನಿಮಾ ನೋಡಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಮಂಗಳವಾರ ಮಧ್ಯಾಹ್ನ ಅಂತರಿಕ್ಷದ ಕಥೆಯ ಮೂರನೆಯ ಭಾಗ ನಡೆಯುತ್ತಿತ್ತು. ಇನ್ನು ಇಪ್ಪತ್ತು ನಿಮಿಷ ಉಳಿದಿತ್ತು ಎಂದು ನನ್ನ ಮೈಗೇ ಗೊತ್ತಾಯಿತು. ಆಗ ಮಗಳ ಫೋನಿಗೆ ಆಸ್ಪತ್ರೆಯಿಂದ ಕರೆ ಬಂತು. ಅವಳು ಸಿನಿಮಾ ನಿಲ್ಲಿಸಿ ಒಳಗೆ ಹೋದಳು. ಲೋಕದ ಎಲ್ಲ ಕಥೆಗಳ ಕೊನೆ ಗೊತ್ತಿದ್ದ ನಾನು ಆ ಬಾಗಿಲನ್ನು ನೋಡುತ್ತಾ ಕುಳಿತಿದ್ದೆ. ಇವಳು ನನ್ನ ಕೈ ಹಿಡಿದುಕೊಂಡಳು. ಕಾಯಿಲೆಯವಳು ಇವಳು, ಸಮಾಧಾನ ಮಾಡಿಸಿಕೊಂಡವನು ನಾನು. ಅನುಷ್ಕಾ ಹೊರಗೆ ಬಂದಳು. "ಸಾದಾ ಗಾಂಠ್ ಹೈ, ಪಪ್ಪಾ. ಕ್ಯಾನ್ಸರ್ ನಹೀ ಹೈ."

ಬರೀ ಸಾದಾ ಗಂಟು. ನಾನು ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅತ್ತೆ. ಎದೆಯ ಮೇಲಿನ ಚಪ್ಪಡಿ ಇಳಿಯಿತು ಎನ್ನುತ್ತಾರಲ್ಲ, ಅದರ ಅರ್ಥ ಅರವತ್ತೈದನೆಯ ವಯಸ್ಸಿನಲ್ಲಿ ತಿಳಿಯಿತು. ಇವಳು ಮಾತ್ರ ಕಣ್ಣು ಒರೆಸಿಕೊಂಡು ಸ್ವಲ್ಪ ಹೊತ್ತಿಗೆ, "ಸಾಕು, ಪಿಚ್ಚರ್ ಹಾಕಿ. ನೀವು ಮುಂದಿನದ್ದು ಹೇಳಬೇಡಿ" ಎಂದಳು.

ಹಾಕಿದೆವು. ಕೊನೆಯಲ್ಲಿ ಕಪ್ತಾನ ಹಡಗಿನ ಮಾತಾಡುವ ಯಂತ್ರವನ್ನು ತನ್ನ ಕೈಯಾರೆ ಆರಿಸುತ್ತಾನೆ. ಟಾಕೀಸಿನಲ್ಲಿ ಅದನ್ನು ನೋಡಿ, ಯಂತ್ರವೇ ಖಳ, ಅವನು ಸತ್ತನೆಂದು ನಾನು ಒಬ್ಬನೇ ಚಪ್ಪಾಳೆ ತಟ್ಟುತ್ತಿದ್ದೆ. ಜನ ತಿರುಗಿ ನೋಡುತ್ತಿದ್ದರು. ಮೊದಲಿನಿಂದ ನೋಡಿದಾಗ ತಿಳಿಯಿತು, ಆ ಯಂತ್ರವೇ ಕಪ್ತಾನನನ್ನು ಕೂಸಾಗಿದ್ದಾಗಿನಿಂದ ಸಾಕಿತ್ತಂತೆ. ಈಗ ಹೇಳಿ, ಯಾವ ಕ್ಲೈಮ್ಯಾಕ್ಸ್ ಮೇಲು ಎಂದು ತೀರ್ಪು ಕೊಡಲು ನಾನು ಯಾರು? ಶೈಲಶ್ರೀ, ನಿನ್ನ ಹುಡುಗರನ್ನೇ ಕೇಳಮ್ಮ. ಅವರು ಮೊದಲಿನಿಂದ ನೋಡಿದ್ದಾರೆ.

ಈ ಎಂಟು ತಿಂಗಳ ಕಥೆಯ ಕೊನೆ ಮಾತ್ರ ನನಗೆ ಗೊತ್ತು. ಅದು ಸುಖಾಂತ, ದೇವರು ದೊಡ್ಡವನು. ಮೊದಲಿನಿಂದ ಹೇಳು ಎಂದು ಒಂದು ವಾರದಿಂದ ಇವಳ ಬೆನ್ನು ಹತ್ತಿದ್ದೇನೆ. "ನಡುವೆ ಎದ್ದು ಹೋಗದಿದ್ದರೆ ಹೇಳುತ್ತೇನೆ" ಎಂದಿದ್ದಳು. ಇವತ್ತು ಬೆಳಗ್ಗೆ ತಲೆ ಬಾಚಿಕೊಳ್ಳುತ್ತಾ ತಾನಾಗಿ ಶುರುಮಾಡಿದಳು. "ಚೌತಿಯ ಮರುದಿನ. ನೀವು ಕ್ಯಾಂಟೀನಿಗೆ ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡು ಒಬ್ಬಳೇ ಕೂತೆ" ಎಂದಳು. ಅಷ್ಟರಲ್ಲಿ ಸಂಘದವರು ಕಳಿಸಿದ ರಿಕ್ಷಾ ಬಂತು.

ಅಧ್ಯಕ್ಷರೇ, ತಮ್ಮ ಮಾತು ಕೇಳಲು ನಾನು ಉಳಿಯುವುದಿಲ್ಲ, ಮನ್ನಿಸಬೇಕು. ಈ ಪ್ರೀತಿಗೆ, ಶಾಲಿಗೆ, ಹಣ್ಣಿಗೆ, ಇಷ್ಟು ಹೊತ್ತು ತಾಳಿಕೊಂಡ ನಿಮ್ಮೆಲ್ಲರಿಗೆ ನಾನು ಋಣಿ. ಬಾಗಿಲು ಹಾಕಿಕೊಂಡು ಕೂತಳಲ್ಲ, ಆಮೇಲೆ ಏನಾಯಿತೆಂದು ನನಗೆ ಗೊತ್ತಿಲ್ಲ. ಇವಳನ್ನು ಕರೆದುಕೊಂಡು ಹೋಗಿ ಕೇಳಬೇಕು. ನಮಸ್ಕಾರ.