ನಾನು ಬರೆಯದೆ ಬಿಟ್ಟ ಗಾಳಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಮುಖ್ಯ ಎಂಜಿನಿಯರರೇ, ಈ ಹವಾಮಾನ ಕೇಂದ್ರದಲ್ಲಿ ಮೂವತ್ತನಾಲ್ಕು ವರ್ಷ ನನ್ನನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಸಭಿಕರೇ,

ನನಗಿಂತ ಮೊದಲು ಮಾತನಾಡಿದವರ ಹೊಗಳಿಕೆ ಕೇಳಿ, ನಿವೃತ್ತಿಯಾಗುತ್ತಿರುವವರು ಬೇರೆ ಯಾರೋ ಇರಬೇಕೆಂದು ಒಮ್ಮೆ ಹಿಂತಿರುಗಿ ನೋಡಿದೆ. ಗಾಳಿ ಅಳೆಯುವ ಕೆಲಸ ಸಿಕ್ಕಿತು ಎಂದಾಗ ನನ್ನಮ್ಮ, "ಗಾಳಿ ಗುದ್ದಿ ಮೈ ನೋಯಿಸ್ಕೊಳ್ಳೋದಕ್ಕೂ ಸಂಬಳ ಕೊಡ್ತಾರಾ?" ಎಂದು ಕೇಳಿದ್ದರು. ಕೊಟ್ಟರು. ನೋವೂ ಆಯಿತು.

ಅಧ್ಯಕ್ಷರು, "ಇವರು ಬರೆದ ಅಂಕಿಯನ್ನು ಯಾರೂ ತಿದ್ದಿದ್ದಿಲ್ಲ" ಎಂದರು. ಕ್ಷಮಿಸಬೇಕು, ಒಂದನ್ನು ತಿದ್ದಬೇಕಾಯಿತು. ತಿದ್ದಿದವಳು ನಾನೇ. ಅದನ್ನು ಹೇಳದೆ ಈ ವೇದಿಕೆಯಿಂದ ಇಳಿಯಲಾರೆ.

ಇಪ್ಪತ್ತೆರಡು ವರ್ಷದ ಹಿಂದೆ, ಒಂದು ಮಧ್ಯಾಹ್ನ ಮೂರೂವರೆಗೆ, ಗುಡುಗುಮಳೆಯ ಗಾಳಿಗೆ ಬಸ್ ಡಿಪೋದ ತಗಡಿನ ಛಾವಣಿ ಕಿತ್ತುಹೋಯಿತು. ಕೆಳಗೆ ಬಸ್ಸಿನ ಗಾಲಿ ಬಿಚ್ಚುತ್ತ ಕೂತಿದ್ದ ಮೆಕ್ಯಾನಿಕ್ ಒಬ್ಬರು ಸತ್ತರು. ಆ ಶೆಡ್ಡು ಕಟ್ಟಿದವನು ನನ್ನ ಒಡಹುಟ್ಟಿದ ಅಣ್ಣ.

ವಿಚಾರಣೆಯವರು ನಮ್ಮನ್ನು ಕೇಳಿದರು, ಅಂದು ಗಾಳಿಯ ವೇಗವೆಷ್ಟು? ಹತ್ತು ನಿಮಿಷದ ಸರಾಸರಿ ಗಂಟೆಗೆ ನಲವತ್ತೊಂದು ಕಿಲೋಮೀಟರ್. ಆದರೆ ಯಂತ್ರದ ಹಾಳೆಯಲ್ಲಿ ಪೆನ್ನು ಒಂದೇ ಒಂದು ಸಲ ನೂರ ಇಪ್ಪತ್ತೆಂಟರವರೆಗೆ ಏರಿ ಇಳಿದಿತ್ತು. ಗುಡುಗುಮಳೆಯ ಗಾಳಿಯ ಸ್ವಭಾವವೇ ಅದು. ಮೋಡದಿಂದ ತಣ್ಣನೆಯ ಗಾಳಿ ಒಮ್ಮೆಲೇ ನೆಲಕ್ಕೆ ಬಿದ್ದು ಸುತ್ತಲೂ ಹರಡುತ್ತದೆ. ಒಂದು ಬೀದಿಯಲ್ಲಿ ಮರ ಉರುಳುತ್ತದೆ, ಮುಂದಿನ ಬೀದಿಯಲ್ಲಿ ಒಣಹಾಕಿದ ಬಟ್ಟೆಯೂ ಹಾರುವುದಿಲ್ಲ. ಸರಾಸರಿಯೊಳಗೆ ಅದು ಎಲ್ಲಿ ಕಂಡೀತು?

ಅಂದಿನ ನಮ್ಮ ಮೇಲಧಿಕಾರಿ ಹಾಳೆ ನೋಡಿ, "ಯಂತ್ರದ ಕಂಬ ಅಲ್ಲಾಡಿ ಪೆನ್ನು ಹಾರಿರ್ಬೇಕು ಕಣಮ್ಮ. ಆದ್ರೂ ಆವತ್ತು ಡ್ಯೂಟೀಲಿದ್ದವಳು ನೀನು. ಬರೀಬೇಕು ಅನ್ಸಿದ್ರೆ ಬರಿ" ಎಂದರು.

ನಾನು ಬರೆಯಲಿಲ್ಲ. ಕಂಬ ಗಟ್ಟಿಯಾಗಿತ್ತು, ಹಿಂದಿನ ವಾರವಷ್ಟೇ ನಾನೇ ಹತ್ತಿ ತಂತಿ ಬಿಗಿದಿದ್ದೆ. ಆದರೆ ಬರೆದರೆ ಜನ ಏನನ್ನುತ್ತಾರೆ? ಅಣ್ಣನಿಗಾಗಿ ತಂಗಿ ಗಾಳಿಯನ್ನೇ ಏರಿಸಿದಳು ಎನ್ನುವುದಿಲ್ಲವೇ? ಎಲ್ಲರೂ ನನ್ನನ್ನು ನಿಷ್ಪಕ್ಷಪಾತಿ ಎಂದರು. ಅದು ನಿಷ್ಪಕ್ಷಪಾತವಲ್ಲ, ಸಭಿಕರೇ, ಹೆದರಿಕೆ.

ನಲವತ್ತೊಂದರ ಗಾಳಿಗೆ ಕಿತ್ತುಹೋದ ಛಾವಣಿ ಕಟ್ಟಿದವನದೇ ತಪ್ಪು ಎಂದಾಗಿ, ಅಣ್ಣನ ಗುತ್ತಿಗೆಯ ಪರವಾನಗಿ ಹೋಯಿತು. ಆಮೇಲೆ ಅವನು ಮನೆಗಳ ಗೇಟು, ಕಿಟಕಿ ರಿಪೇರಿ ಮಾಡಿಕೊಂಡಿದ್ದ. ಹಬ್ಬಗಳಲ್ಲಿ ಒಂದೇ ಮೇಜಿಗೆ ಎದುರುಬದುರು ಕೂತು ಊಟ ಮಾಡಿದೆವು. ಆ ಗಾಳಿಯ ಬಗ್ಗೆ ಅವನು ಒಂದು ದಿನವೂ ಕೇಳಲಿಲ್ಲ.

ಕ್ಷಣಕ್ಷಣದ ಗಾಳಿ ದಾಖಲಿಸುವ ನಾಲ್ಕು ಯಂತ್ರಗಳಿಗಾಗಿ ನಾನು ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು ಈಗ ತಾನೇ ಶ್ರದ್ಧೆ ಎಂದು ಕರೆದರು. ಇರಲಿ, ಒಳ್ಳೆಯ ಪದ. ಹತ್ತೊಂಬತ್ತು ವರ್ಷದಲ್ಲಿ ಅವುಗಳಲ್ಲಿ ಏಳು ಸಲ ಅಂಥ ಗಾಳಿ ಸಿಕ್ಕಿತು. ಏಳನೆಯದು ಕಳೆದ ವರ್ಷ: ಸರಾಸರಿ ನಲವತ್ತು, ಒಂದು ಕ್ಷಣದ ಬೀಸು ನೂರ ಮೂವತ್ತನಾಲ್ಕು. ಹಳೆಯ ಹಾಳೆಯಲ್ಲಿದ್ದ ಗೆರೆಯದ್ದೇ ರೂಪ. ಇನ್ನು ನನಗೆ ನೆಪ ಉಳಿಯಲಿಲ್ಲ. ತಿದ್ದುಪಡಿ ಬರೆದೆ, ಮೊದಲು ಯಾಕೆ ಬರೆಯಲಿಲ್ಲ ಎನ್ನುವುದನ್ನೂ ಬರೆದೆ. ಮೂರು ತಿಂಗಳ ಹಿಂದೆ ಅದು ವಿಚಾರಣೆಯ ಕಡತಕ್ಕೆ ಸೇರಿತು. ತೆರೆದ ಬಾಗಿಲಿನಿಂದ ಒಳನುಗ್ಗಿದ ಗಾಳಿ ಛಾವಣಿಯನ್ನು ಕೆಳಗಿನಿಂದ ಎತ್ತಿತು, ಅಷ್ಟು ಬೀಸನ್ನು ಆ ಶೆಡ್ಡಿನ ನಕ್ಷೆಯಲ್ಲಿ ಯಾರೂ ಲೆಕ್ಕ ಹಿಡಿದಿರಲಿಲ್ಲ ಎಂದು ವಿಚಾರಣೆಯ ಎಂಜಿನಿಯರರು ಬರೆದರು. ಒಂದು ಮಗ್ಗುಲಲ್ಲಿ ಬೋಲ್ಟು ಕಡಿಮೆಯಿತ್ತು ಎಂದೂ ಬರೆದರು. ಅದನ್ನು ಮುಚ್ಚಿಡುವುದಿಲ್ಲ.

ಆ ಕಾಗದ ಹಿಡಿದು ಅಣ್ಣನ ಮನೆಗೆ ಹೋದೆ. ಅವನು ಎರಡು ಸಲ ಓದಿದ.

"ಗಾಳಿ ಜೋರಿತ್ತು ಅಂತ ನಂಗೆ ಆವತ್ತೇ ಗೊತ್ತಿತ್ತು, ಪುಟ್ಟಿ. ನಿಂಗೂ ಗೊತ್ತಿತ್ತು ಅನ್ನೋದು ಇವತ್ತು ಗೊತ್ತಾಯ್ತು."

ಕಾಗದ ಮಡಿಸಿ ನನ್ನ ಕೈಗಿಟ್ಟು ಅವನೇ ಕೇಳಿದ, "ಆ ಮೆಕ್ಯಾನಿಕ್ ಹೆಂಡ್ತಿಗೆ ತೋರಿಸಿದ್ಯಾ?"

"ಇಲ್ಲ."

"ಹಾಗಾದ್ರೆ ನಡಿ."

ಆಕೆ ಹೊಲಿಗೆಯಂತ್ರದ ಮುಂದೆ ಕೂತಿದ್ದರು. ನಾವು ಯಾರೆಂದು ಹೇಳಿದೆವು. ಕಾಗದವನ್ನು ಆಕೆ ಮುಟ್ಟಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಗಾಳಿ ಶುರುವಾದ್ಮೇಲೆ ಓಡೋಕೆ ಎಷ್ಟೊತ್ತು ಇತ್ತು?"

ಹಳೆಯ ಹಾಳೆಯಲ್ಲಿ ಸೆಕೆಂಡುಗಳು ಕಾಣುವುದಿಲ್ಲ ಎಂದು ಹೇಳಿದೆ. ಆದರೆ ನಾನು ಅಳೆದ ಏಳರಲ್ಲಿ ಒಂದರಲ್ಲೂ ಅರ್ಧ ನಿಮಿಷ ಇರಲಿಲ್ಲ ಎಂದೆ.

ಆಕೆ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡರು. "ಎಲ್ರೂ ಎದ್ದು ಓಡಿದ್ರು, ಇವ್ರು ಕುಡಿದು ಬಿದ್ದಿದ್ರು ಅಂತ ಅಂದ್ರು ಮೇಡಂ. ನನ್ನ ಮಗಳು ಅದನ್ನೇ ಕೇಳ್ಕೊಂಡು ಬೆಳೆದ್ಳು. ಈಗ ಹೇಳಿದ್ದನ್ನ ಅವಳ ಮುಂದೆ ಇನ್ನೊಂದ್ಸಲ ಹೇಳ್ತೀರಾ?"

ಮಗಳು ಕೆಲಸದಿಂದ ಬರುವವರೆಗೆ ನಾವಿಬ್ಬರೂ ಕಾದೆವು. ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ, ಅಣ್ಣ ಎದ್ದು ನಿಂತ. "ನೀನು ಗಾಳಿದು ಹೇಳು," ಎಂದ ನನಗೆ. "ಬೋಲ್ಟಿಂದು ನಾನು ಹೇಳ್ತೀನಿ."

ಹೇಳಿದೆವು. ಅವಳು ಪೂರ್ತಿ ಕೇಳಿಸಿಕೊಂಡಳು.

ಇಷ್ಟು ಹೊತ್ತು ಸುಮ್ಮನೆ ಕೂತು ಆಲಿಸಿದ ನಿಮ್ಮೆಲ್ಲರ ಋಣ ನನ್ನ ಮೇಲಿದೆ. ನಮಸ್ಕಾರ.