ನಮ್ಮಣ್ಣನಿಗೆ ನಿಂತ ಜಾಮೀನು

ಅಧ್ಯಕ್ಷ ಪೀಠದಲ್ಲಿರುವ ಹಿರಿಯರೇ, ಕಡೂರು ತಾಲ್ಲೂಕನ್ನು ಬಿಟ್ಟು ಹೊರಡುತ್ತಿರುವ ಅಮಲ್ದಾರ್ ಗಂಗಾಧರಯ್ಯನವರೇ, ಅವರ ಜಾಗಕ್ಕೆ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತಿರುವ ಹೊಸ ಅಮಲ್ದಾರರೇ, ಬಿಸಿಲಲ್ಲಿ ನಡೆದು ಬಂದ ಸಭಿಕರೇ,

ನಾನು ಯಗಟಿಯ ನಂಜುಂಡಪ್ಪ. ನನ್ನ ಓದು ನಾಲ್ಕನೇ ತರಗತಿಗೆ ನಿಂತಿತು. ಕುರಿಗಳ ಮುಂದೆ ಬಹಳ ಮಾತಾಡಿದ್ದೇನೆ. ಅವು ಎಂದೂ ಚಪ್ಪಾಳೆ ತಟ್ಟಲಿಲ್ಲ, ಎದ್ದೂ ಹೋಗಲಿಲ್ಲ. ಮನುಷ್ಯರ ಮುಂದೆ ಇದೇ ಮೊದಲು.

ಶ್ರೀಯುತರು ಕೆರೆ ದುರಸ್ತಿ ಮಾಡಿಸಿದ್ದು, ರಸ್ತೆಗೆ ಜಲ್ಲಿ ಹಾಕಿಸಿದ್ದು ಎಲ್ಲವನ್ನೂ ನನಗಿಂತ ಮುಂಚೆ ಮಾತಾಡಿದವರು ಹೇಳಿದ್ದಾರೆ. ನಾನು ಅವರ ಕಚೇರಿಯಲ್ಲಿ ಕಂಡ ಒಂದು ವಿಷಯವನ್ನು ಮಾತ್ರ ಹೇಳುತ್ತೇನೆ.

ಹೋದ ವರ್ಷ ಮಾಘದ ಚಳಿಯಲ್ಲಿ ಎಮ್ಮೆದೊಡ್ಡಿ ಹುಲ್ಲುಗಾವಲಿನ ಬಣವೆ ಸುಟ್ಟುಹೋಯಿತು. ಮಹಾಸ್ವಾಮಿಯವರ ಅಮೃತಮಹಲ್ ದನಗಳಿಗೆಂದು ಒಟ್ಟಿದ್ದ ಹುಲ್ಲು ಅದು. ಬೆಂಕಿ ಹಚ್ಚಿದವನು ಈರಪ್ಪ ಎಂಬುವನು. ಎಂಬುವನು ಎಂದೆನೇ? ಅವನು ನನ್ನ ಒಡಹುಟ್ಟಿದ ಅಣ್ಣ.

ಹಚ್ಚಿ ಓಡಿಹೋಗಲಿಲ್ಲ, ಅಲ್ಲೇ ಕೂತಿದ್ದ. ಹಿಡಿಯಲು ಬಂದವರಿಗೆ, "ದನ ನಡುಗ್ತಿದ್ವು ಕಣ್ರಪ್ಪಾ, ಬೆಂಕಿ ಕಾಯಿಸ್ಕಳ್ಳಲಿ ಅಂತ ಹಚ್ದೆ" ಎಂದ. ಅತ್ತಿಗೆ ತೀರಿಕೊಂಡ ಮೇಲೆ ಅವನ ಮನಸ್ಸು ಕೆಟ್ಟಿತು. ಅದಕ್ಕೆ ಮುಂಚೆ ಉಣ್ಣೆ ಕತ್ತರಿಸಲು ಕೂತರೆ ಕುರಿಯ ಮೈಗೆ ಒಂದು ಗೀರು ಬೀಳುತ್ತಿರಲಿಲ್ಲ. ಮರಳಿನ ಮೇಲೆ ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದವನೂ ಅವನೇ. ಇದನ್ನೇಕೆ ಹೇಳುತ್ತಿದ್ದೇನೋ ಕಾಣೆ. ಇರಲಿ.

ಕೈಗೆ ಕೋಳ ಹಾಕಿ ಕಚೇರಿಗೆ ತಂದರು. ಅಮಲ್ದಾರರೇ ಮ್ಯಾಜಿಸ್ಟ್ರೇಟರು. "ಬಣವೆ ಸುಟ್ಟೆಯೇನಪ್ಪಾ?" ಎಂದು ಕೇಳಿದರು. "ನಿಮಗೆ ಚಳಿ ಆಗ್ತಿಲ್ವಾ ಬುದ್ಧೀ?" ಎಂದ ಅಣ್ಣ. ಕಚೇರಿಯೆಲ್ಲ ನಕ್ಕಿತು. ಗಂಗಾಧರಯ್ಯನವರು ನಗಲಿಲ್ಲ. ಡಾಕ್ಟರರಿಂದ ಪರೀಕ್ಷೆ ಮಾಡಿಸಿ, ಆಮೇಲೆ ನಮ್ಮವ್ವ ಕೆಂಚಮ್ಮನನ್ನು ಹತ್ತಿರ ಕರೆದರು.

"ನಿಮ್ಮ ಮಗನ ವಿಚಾರಣೆಯನ್ನು ಈಗ ನಡೆಸುವಂತಿಲ್ಲ ತಾಯಿ. ತಾನು ಯಾಕೆ ಇಲ್ಲಿ ನಿಂತಿದ್ದೇನೆ ಎಂದು ತಿಳಿಯದವನನ್ನು ವಿಚಾರಿಸಬಾರದು ಎಂದು ಕಾಯಿದೆ ಇದೆ."

ಅವ್ವ ಬಾಯಿಗೆ ಸೆರಗು ಹಿಡಿದು, "ಇಂಥೋರ್ಗೂ ಕಾಯ್ದೆ ಮಾಡೌರಾ ಬುದ್ಧೀ!" ಎಂದಳು.

ಸಭಿಕರೇ, ಕಾಯಿದೆ ಎಂದರೆ ಕೋಳ ಎಂದೇ ನಾವು ತಿಳಿದಿದ್ದೆವು. ಆ ದಪ್ಪ ಪುಸ್ತಕದೊಳಗೆ ನಮ್ಮ ಈರಪ್ಪನಂಥವನನ್ನೂ ನೆನೆದು ಬರೆದವರು ಯಾರು? ಅವರ ಮನೆಯಲ್ಲೂ ಇಂಥ ಒಬ್ಬ ಅಣ್ಣ ಇದ್ದನೇ?

ಆದರೆ ಒಂದು ಷರತ್ತಿತ್ತು. ಅವನನ್ನು ಜೋಪಾನ ಮಾಡುತ್ತೇವೆಂದು ಮುಂದಿನ ಸೋಮವಾರದೊಳಗೆ ಯಾರಾದರೂ ಜಾಮೀನು ನಿಲ್ಲಬೇಕು. ಇಲ್ಲವಾದರೆ ಬೆಂಗಳೂರಿನ ಹುಚ್ಚಾಸ್ಪತ್ರೆ. ಬೆಂಗಳೂರು ಯಾವ ದಿಕ್ಕಿಗಿದೆ ಎಂದೂ ಅವ್ವನಿಗೆ ಗೊತ್ತಿಲ್ಲ. ಜಾಮೀನಿಗೆ ತೋರಿಸಲು ಅವಳ ಹೆಸರಲ್ಲಿ ಏನೂ ಇರಲಿಲ್ಲ; ಹೊಲ ಅಣ್ಣನ ಖಾತೆಯಲ್ಲೇ ಇತ್ತು, ನಾನಿನ್ನೂ ಪ್ರಾಯಕ್ಕೆ ಬಂದಿರಲಿಲ್ಲ. ಅವ್ವ ಊರಿನ ಕಟ್ಟೆಯ ಮುಂದೆ ನಿಂತು ಹೇಳಿ ಅತ್ತಳು. ಯಾರೂ ತುಟಿ ಬಿಚ್ಚಲಿಲ್ಲ.

ಅವರು ಸುಮ್ಮನಿದ್ದದ್ದು ಯಾಕೆಂದು ಸೋಮವಾರ ತಿಳಿಯಿತು. ಪಾಳೆಯಗಾರರ ಕಾಲದಲ್ಲಿ ಜಾಮೀನು ಎಂದರೆ ಅಪರಾಧಿಯ ಬದಲು ಇನ್ನೊಬ್ಬ ಸೆರೆಯಲ್ಲಿ ಒತ್ತೆ ಕೂರುವುದಂತೆ. ನಮ್ಮ ಹಿರಿಯರು ಇಂದಿಗೂ ಹಾಗೆಯೇ ತಿಳಿದಿದ್ದರು. ಸೋಮವಾರ ಕಚೇರಿಯ ಅಂಗಳಕ್ಕೆ ಯಗಟಿಯವರು ಸಾಲಾಗಿ ಬಂದರು. ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ರಾಗಿ ಹಿಟ್ಟಿನ ಗಂಟು. ದಫೇದಾರ ಗಾಬರಿಯಾಗಿ, "ಏನ್ರಯ್ಯಾ, ಗುಳೇ ಹೊಂಟ್ರಾ?" ಎಂದ.

"ಜೈಲ್ಗೆ ಕಣಪ್ಪಾ" ಎಂದರು ಊರ ಹಿರಿಯ ಕರಿಸಿದ್ದಪ್ಪ. "ಸರದಿ ಮಾಡ್ಕಂಡಿದ್ದೀವಿ. ಮೊದ್ಲು ನಾನು. ಬಿತ್ನೆ ಹೊತ್ಗೆ ಮಾತ್ರ ವಯಸ್ಸಿನ್ ಹುಡುಗ್ರನ್ನ ಬಿಟ್ಬುಡಿ, ಮುದುಕ್ರು ಕೂತ್ಕತೀವಿ."

ಬದುವಿನ ಜಗಳದಲ್ಲಿ ನಮ್ಮ ಮನೆಯವರ ಸಂಗಡ ಮಾತು ಬಿಟ್ಟಿದ್ದ ಪಾಪಮ್ಮನೂ ಸಾಲಿನಲ್ಲಿದ್ದಳು. "ಹೆಂಗಸ್ರಿಗೆ ಬ್ಯಾರೆ ಕೋಣೆ ಐತೇನಪ್ಪಾ? ಈ ಮುದುಕ ಗೊರಕೆ ಹೊಡೀತಾನೆ" ಎಂದಳು. ಅವ್ವನ ಮುಖವನ್ನು ಮಾತ್ರ ನೋಡಲಿಲ್ಲ.

ಗಂಗಾಧರಯ್ಯನವರು ಹೊರಗೆ ಬಂದರು. ಜಗಲಿಯ ಕಂಬ ಹಿಡಿದು ಆ ಸಾಲನ್ನು ತುದಿಯವರೆಗೆ ನೋಡಿದರು. ಕಾಯಿದೆಯ ಮುಂದೆ ನಾವು ಹೇಗೆ ನಿಂತಿದ್ದೆವೋ, ಅವರು ನಮ್ಮ ಊರಿನ ಮುಂದೆ ಹಾಗೆಯೇ ನಿಂತಿದ್ದರು.

"ಯಾರೂ ಒಳಗೆ ಕೂರುವುದು ಬೇಡ" ಎಂದರು. "ಅವನನ್ನು ಕರೆದುಕೊಂಡು ಹೋಗಿ. ಹೊತ್ತಿಗೆ ಉಣ್ಣಲಿಕ್ಕೆ ಕೊಡಿ, ಬೆಂಕಿಯ ಹತ್ತಿರ ಬಿಡಬೇಡಿ, ಹೊಡೆಯಬೇಡಿ. ಅಷ್ಟೇ ಜಾಮೀನು."

ಕರಿಸಿದ್ದಪ್ಪ ನಂಬಲಿಲ್ಲ. "ಅಷ್ಟೇನಾ ಬುದ್ಧೀ? ಅದನ್ನ ದಿನಾ ಮಾಡ್ತಾನೇ ಇದ್ವಲ್ಲ! ಒಂದಿನ ಕಣ್ತಪ್ತು, ಅದ್ಕೇ ಇಷ್ಟೆಲ್ಲಾ ಆಯ್ತು."

ಸಾಲಿನಲ್ಲಿದ್ದವರೆಲ್ಲ ಜಾಮೀನು ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಅಣ್ಣನ ಕೋಳ ಕಳಚಿತು.

ಕಾಯಿದೆ ದೊಡ್ಡದೋ, ಊರು ದೊಡ್ಡದೋ? ನನಗೆ ಇಂದಿಗೂ ಬಗೆಹರಿದಿಲ್ಲ. ಯಾವುದನ್ನು ನೆನೆದರೂ ಮೈ ಜುಮ್ಮೆನ್ನುತ್ತದೆ. ಅಣ್ಣ ಗುಣವಾಗಿಲ್ಲ, ಸುಳ್ಳು ಹೇಳಲಾರೆ. ಆದರೆ ಮನೆಯಲ್ಲಿದ್ದಾನೆ.

ಹೊಸ ಅಮಲ್ದಾರರೇ, ಈ ಮಾತು ತಮಗೆ. ಗಂಗಾಧರಯ್ಯನವರು ಹೊರಟರೆ ಅವರು ಒಪ್ಪಿದ ಜಾಮೀನೂ ಹೊರಟುಹೋಗುತ್ತದೆ ಎಂದು ನಮ್ಮ ಊರಿಗೆ ಭಯ. ಹಾಗಲ್ಲ, ಅದು ಸರ್ಕಾರದ್ದು ಎಂದು ನಾನು ತಿಳಿಸಿ ಹೇಳಿದೆ. "ನಾಕ್ನೇ ಕಿಲಾಸಿನೋನ್ ಮಾತು ಕಟ್ಕಂಡು ಹುಡುಗನ್ನ ಕಳ್ಕಳನಾ?" ಎಂದುಬಿಟ್ಟರು ಕರಿಸಿದ್ದಪ್ಪ. ಅದಕ್ಕೇ ಅವರೆಲ್ಲ ಈಗ ಈ ಸಭಾಂಗಣದ ಹೊರಗೆ ಬೇವಿನ ಮರದಡಿ ಕೂತಿದ್ದಾರೆ. ನಡುವೆ ಅಣ್ಣ. ತಾವು ಬಾಗಿಲವರೆಗೆ ಬಂದು, "ಮನೆಗೆ ಕರೆದುಕೊಂಡು ಹೋಗಿ" ಎಂದು ತಮ್ಮ ಬಾಯಿಂದ ಒಂದು ಮಾತು ಹೇಳಬೇಕು. ಅಲ್ಲಿಯವರೆಗೆ ಅವರು ಏಳುವವರಲ್ಲ. ನಾನೂ ಈಗ ಹೋಗಿ ಅವರ ಸಾಲಿನಲ್ಲೇ ಕೂರುತ್ತೇನೆ.

ನನ್ನ ತೊದಲು ಮಾತನ್ನು ಕೇಳಿದ ತಮಗೆಲ್ಲ ಉಪಕಾರ. ಗಂಗಾಧರಯ್ಯನವರಿಗೆ ನಮ್ಮವ್ವನ ಪರವಾಗಿಯೂ ಸೇರಿಸಿ, ನಮಸ್ಕಾರ.